ಓಡುತ್ತಿರುವ ತೂಕದ ಸಾಫ್ಟ್‌ವೇರ್ ನಿಲ್ಲಿಸದೆ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಂಡುಹಿಡಿಯೋದು ಹೇಗೆ?

ಕಾಫಿ_ಕಣ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ವೇ ಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ಕಂಪ್ಯೂಟರಿನ ಸಮಸ್ಯೆ. ಉಬುಂಟು 22.04, ಸಿ++ನಲ್ಲಿ ಬರೆದ ಪ್ರೋಗ್ರಾಂ. ತೂಕದ ಇಂಡಿಕೇಟರ್ ಯುಎಸ್‌ಬಿ-ಸೀರಿಯಲ್ ಕೇಬಲ್‌ನಲ್ಲಿ 9600 ಬಾಡ್‌ಗೆ ಕೂತಿದೆ, ಚೀಟಿ ಪ್ರಿಂಟರ್ ನೆಟ್‌ವರ್ಕ್‌ನಲ್ಲಿದೆ. "ಚೀಟಿ" ಬಟನ್ ಒತ್ತಿದರೆ ಸಾಮಾನ್ಯವಾಗಿ ತಕ್ಷಣ ಬರುತ್ತದೆ. ದಿನದ ಕೆಲವು ಹೊತ್ತು ಮಾತ್ರ ಸರಿಯಾಗಿ ಹತ್ತು ಸೆಕೆಂಡ್ ಪರದೆ ಅಲ್ಲಾಡುವುದೇ ಇಲ್ಲ, ಆಮೇಲೆ ಏನೂ ಆಗದವರಂತೆ ಚೀಟಿ ಬರುತ್ತದೆ. ಟಾಪ್ ಆಜ್ಞೆಯಲ್ಲಿ ನೋಡಿದರೆ ಸಿಪಿಯು ಬಳಕೆ ಸೊನ್ನೆ.

ಸೋರ್ಸ್ ಕೋಡ್ ಇಲ್ಲ. ಬೈನರಿಯಿಂದ (ಕಂಪೈಲ್ ಆದ ಕಡತ) ಸಿಂಬಲ್ ತೆಗೆದಿಲ್ಲ, ಎನ್‌ಎಂ ಆಜ್ಞೆ ಕೊಟ್ಟರೆ ಫಂಕ್ಷನ್ ಹೆಸರುಗಳು ಕಾಣುತ್ತವೆ. ರೀಸ್ಟಾರ್ಟ್ ಮಾಡುವಂತಿಲ್ಲ: ಲೋಡ್ ಸಮೇತ ತೂಗಿ ಒಳಗೆ ಹೋದ ಲಾರಿಗಳ ಅರ್ಧ ಎಂಟ್ರಿ ಮೆಮೊರಿಯಲ್ಲೇ ಇರುತ್ತದೆ, ಖಾಲಿ ಲಾರಿ ವಾಪಸ್ ಬಂದು ತೂಗಿದ ಮೇಲೆಯೇ ಡೇಟಾಬೇಸ್‌ಗೆ ಹೋಗುವುದು. ಯಾವ ಫಂಕ್ಷನ್ ಕಾಯುತ್ತಿದೆ ಅಂತ ಹೊರಗಿನಿಂದಲೇ ನೋಡಬೇಕು.

ಹೇಮಾವತಿ_ದಡ (ಹಾಸನ)

ಸಿಪಿಯು ಸೊನ್ನೆ ಅಂದಮೇಲೆ ಅದು ಲೆಕ್ಕ ಮಾಡುತ್ತಾ ಕೂತಿಲ್ಲ, ಯಾವುದಕ್ಕೋ ಕಾಯುತ್ತಿದೆ. ಯಾವುದೇ ಪ್ರೋಗ್ರಾಂ ನಿದ್ದೆಗೆ ಹೋಗಬೇಕಾದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಾಗಿಲು ದಾಟಲೇಬೇಕು. ಹಾಗಾಗಿ ಫಂಕ್ಷನ್‌ಗೆ ಕೈ ಹಾಕುವ ಮೊದಲು ಸಿಸ್ಟಮ್ ಕಾಲ್, ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆ, ನೋಡಿ. ಅಲ್ಲಿ ಕಾರಣ ಸಿಕ್ಕಿದರೆ, ಅದನ್ನು ಯಾರು ಕರೆದರು ಅಂತ ಮೇಲಕ್ಕೆ ಹತ್ತುವುದು ಸುಲಭ. ಕೆಳಗಿಂದ ಮೇಲಕ್ಕೆ, ಇದೇ ಕ್ರಮ.

ಪ್ರೋಗ್ರಾಂಗೆ ಒಂಚೂರೂ ತೊಂದರೆ ಕೊಡದ ಹೆಜ್ಜೆ ಮೊದಲು. ಸಿಕ್ಕಿಕೊಂಡ ಆ ಹತ್ತು ಸೆಕೆಂಡ್ ಒಳಗೆ ಪಿಎಸ್ ಆಜ್ಞೆಯನ್ನು ದೊಡ್ಡ ಎಲ್ ಆಯ್ಕೆಯೊಂದಿಗೆ ಓಡಿಸಿ, ಪ್ರತಿ ಥ್ರೆಡ್‌ನ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಟಿಐಡಿ (ಸಂಖ್ಯೆ), ಸ್ಟ್ಯಾಟ್ (ಸ್ಥಿತಿ), ಡಬ್ಲ್ಯೂಚಾನ್ (ಕರ್ನಲ್‌ನಲ್ಲಿ ಕಾಯುತ್ತಿರುವ ಜಾಗ) ಕಾಲಂ ಕೇಳಿ. ಸ್ಟ್ಯಾಟ್ ಕಾಲಂನಲ್ಲಿ ಎಸ್ ಇದ್ದರೆ ಮಾಮೂಲಿ ನಿದ್ದೆ. ಡಿ ಇದ್ದರೆ ಡಿಸ್ಕ್ ಅಥವಾ ಡ್ರೈವರ್ ಒಳಗೆ ಸಿಕ್ಕಿದೆ, ಆಗ ಮುಂದೆ ಹೇಳುವುದು ಯಾವುದೂ ಉಪಯೋಗಕ್ಕೆ ಬಾರದು. ಹಾಗಿದ್ದಾಗ ಪ್ರಾಕ್ ಫೋಲ್ಡರಿನಲ್ಲಿ (ಓಡುತ್ತಿರುವ ಪ್ರೊಸೆಸ್‌ಗಳ ವಿವರ ಇರುವ ಜಾಗ) ಆ ಪ್ರೊಸೆಸ್‌ನ ಸ್ಟ್ಯಾಕ್ (ಯಾರು ಯಾರನ್ನು ಕರೆದರು ಅನ್ನುವ ಸರಣಿ) ಕಡತವನ್ನು ರೂಟ್ ಆಗಿ ಓದಿ. ಡಬ್ಲ್ಯೂಚಾನ್‌ನಲ್ಲಿ ಫ್ಯುಟೆಕ್ಸ್ ಅಂತ ಬಂದರೆ ಆ ಥ್ರೆಡ್ ಇನ್ನೊಂದು ಥ್ರೆಡ್‌ಗೆ ಕಾಯುತ್ತಿದೆ, ಪೋಲ್ ಅಂತ ಬಂದರೆ ಹೊರಗಿನಿಂದ ಬರಬೇಕಾದ ಯಾವುದಕ್ಕೋ.

ಆಮೇಲೆ ಎಸ್‌ಟ್ರೇಸ್, ಸಿಸ್ಟಮ್ ಕಾಲ್‌ಗಳನ್ನು ಒಂದೊಂದಾಗಿ ತೋರಿಸುವುದು. 1991ರಲ್ಲಿ ಸನ್‌ಓಎಸ್‌ಗಾಗಿ ಹುಟ್ಟಿದ ಉಪಕರಣ, ಇವತ್ತಿಗೂ ನಾನು ಮೊದಲು ತೆಗೆಯುವುದು ಅದನ್ನೇ. ಆಯ್ಕೆಗಳಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರ ಬೇರೆ ಬೇರೆ ಅರ್ಥ, ಜಾಗ್ರತೆ:

-ಪಿ (ಸಣ್ಣದು): ಓಡುತ್ತಿರುವ ಪ್ರೊಸೆಸ್‌ನ ಸಂಖ್ಯೆ.
-ಎಫ್ (ಸಣ್ಣದು): ಎಲ್ಲಾ ಥ್ರೆಡ್. ಇದನ್ನು ಬಿಟ್ಟರೆ ಮುಖ್ಯ ಥ್ರೆಡ್ ಒಂದೇ ಕಾಣುತ್ತದೆ. ಅದು ಫ್ಯುಟೆಕ್ಸ್‌ನಲ್ಲಿ ಸುಮ್ಮನೆ ಕೂತಿರುತ್ತದೆ, ನಿಜವಾದ ಕಳ್ಳ ಇನ್ನೊಂದು ಥ್ರೆಡ್‌ನಲ್ಲಿರುತ್ತಾನೆ.
-ಟಿಟಿ (ಸಣ್ಣವು ಎರಡು): ಮೈಕ್ರೋಸೆಕೆಂಡ್ ತನಕ ಗಡಿಯಾರದ ಸಮಯ.
-ಟಿ (ದೊಡ್ಡದು): ಪ್ರತಿ ಕಾಲ್ ಒಳಗೆ ಕಳೆದ ಸಮಯ, ಸಾಲಿನ ಕೊನೆಯಲ್ಲಿ.
-ವೈವೈ (ಸಣ್ಣವು ಎರಡು): ತೆರೆದ ಕಡತವನ್ನು ಬರೀ 17 ಅಂತ ತೋರಿಸುವ ಬದಲು ಅದು ಯಾವ ಕಡತ, ಯಾವ ವಿಳಾಸದ ಸಾಕೆಟ್ (ನೆಟ್‌ವರ್ಕ್ ಕೊಂಡಿ) ಅಂತ ಬಿಡಿಸಿ ಹೇಳುತ್ತದೆ.
-ಎಸ್ (ಸಣ್ಣದು) 128: ಸ್ಟ್ರಿಂಗ್‌ಗಳನ್ನು 32 ಅಕ್ಷರಕ್ಕೇ ಕತ್ತರಿಸುವುದು ಅದರ ಅಭ್ಯಾಸ, ಹೆಸರು ಪೂರ್ತಿ ಬೇಕಾದರೆ ಹೆಚ್ಚಿಸಿ.
-ಓ (ಸಣ್ಣದು): ಕಡತಕ್ಕೆ ಬರೆಯಲು.

ಬಟನ್ ಒತ್ತುವ ಮುಂಚೆ ಅಂಟಿಸಿ, ಚೀಟಿ ಬಂದ ಕೂಡಲೇ ಕಂಟ್ರೋಲ್-ಸಿ ಒತ್ತಿ ಬಿಡಿಸಿ. ಎಸ್‌ಟ್ರೇಸ್ ಅನ್ನು ಕಿಲ್ ಮೈನಸ್ 9ರಿಂದ ಕೊಲ್ಲಬೇಡಿ. ಪ್ರೋಗ್ರಾಂ ನಿಂತ ಸ್ಥಿತಿಯಲ್ಲೇ ಉಳಿದುಬಿಟ್ಟರೆ ಸ್ಟ್ಯಾಟ್‌ನಲ್ಲಿ ಟಿ ಕಾಣುತ್ತದೆ, ಕಿಲ್ ಮೈನಸ್ ಕಾಂಟ್ ಕೊಟ್ಟು ಎಬ್ಬಿಸಬೇಕಾಗುತ್ತದೆ.

ಬೆಲೆಯೂ ಗೊತ್ತಿರಲಿ. ಎಸ್‌ಟ್ರೇಸ್ ಪ್ರತಿ ಸಿಸ್ಟಮ್ ಕಾಲ್‌ಗೆ ಎರಡು ಸಲ, ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ, ಪ್ರೋಗ್ರಾಂ ನಿಲ್ಲಿಸುತ್ತದೆ. ಸೆಕೆಂಡಿಗೆ ಸಾವಿರಗಟ್ಟಲೆ ಕಾಲ್ ಮಾಡುವ ಡೇಟಾಬೇಸ್‌ಗೆ ಅಂಟಿಸಿದರೆ ಮಂಡಿಯೂರುತ್ತದೆ. ತೂಕದ ಪ್ರೋಗ್ರಾಂಗೆ ಅರ್ಧ ನಿಮಿಷ ಏನೂ ಆಗದು.

ಕಾಫಿ_ಕಣ

ಸರ್, "ಆಪರೇಷನ್ ನಾಟ್ ಪರ್ಮಿಟೆಡ್" ಅನ್ನುತ್ತಿದೆ. ಪ್ರೋಗ್ರಾಂ ಓಡುತ್ತಿರುವುದೂ ನನ್ನದೇ ಲಾಗಿನ್‌ನಲ್ಲಿ.

ಯಗಚಿ (ಬೇಲೂರು)

ಅದು ಯಾಮಾ ಅನ್ನುವ ಕರ್ನಲ್ ಭದ್ರತಾ ಭಾಗದ ಕೆಲಸ. ಪಿಟ್ರೇಸ್_ಸ್ಕೋಪ್ ಅನ್ನುವ ಸೆಟ್ಟಿಂಗ್ ಉಬುಂಟುವಿನಲ್ಲಿ 1 ಇರುತ್ತದೆ: ತಾನೇ ಶುರು ಮಾಡಿದ ಮಕ್ಕಳ ಪ್ರೊಸೆಸ್ ಬಿಟ್ಟು ಬೇರೆಯವಕ್ಕೆ ಅಂಟಿಕೊಳ್ಳುವಂತಿಲ್ಲ, ಬಳಕೆದಾರ ಒಬ್ಬನೇ ಆದರೂ. ಸುಡೋ (ರೂಟ್ ಅಧಿಕಾರ ಕೊಡುವ ಆಜ್ಞೆ) ಹಾಕಿ ಓಡಿಸಿ, ಸಾಕು. ಆ ಸೆಟ್ಟಿಂಗ್ ಅನ್ನು ಸೊನ್ನೆ ಮಾಡಿ ಹಾಗೇ ಬಿಟ್ಟು ಹೋಗಬೇಡಿ. 2 ಇದ್ದರೂ ಸುಡೋ ನಡೆಯುತ್ತದೆ. 3 ಇದ್ದರೆ ರೂಟ್‌ಗೂ ಆಗದು, ಕಂಪ್ಯೂಟರ್ ರೀಬೂಟ್ ಮಾಡದೆ ಬದಲಾಗುವುದೂ ಇಲ್ಲ.

ಸುಡೋ ಹಾಕಿಯೂ ಅದೇ ಬಂದರೆ ಪ್ರಾಕ್ ಒಳಗಿನ ಸ್ಟೇಟಸ್ ಕಡತದಲ್ಲಿ ಟ್ರೇಸರ್‌ಪಿಐಡಿ ನೋಡಿ. ಸೊನ್ನೆ ಅಲ್ಲದಿದ್ದರೆ ಆಗಲೇ ಇನ್ನೊಂದು ಡಿಬಗರ್ ಅಂಟಿಕೊಂಡಿದೆ. ಒಂದು ಥ್ರೆಡ್‌ಗೆ ಒಬ್ಬನೇ ಟ್ರೇಸರ್.

ಇನ್ನೊಂದು ಮಾತು. ಔಟ್‌ಪುಟ್ ಇಲ್ಲಿ ಹಾಕುವ ಮುಂಚೆ ಒಮ್ಮೆ ಓದಿ. ಡೇಟಾಬೇಸ್ ಪಾಸ್‌ವರ್ಡ್, ಬೆಳೆಗಾರರ ಹೆಸರು, ಫೋನ್ ನಂಬರ್ ಎಲ್ಲ ಅದರಲ್ಲಿ ಬಿದ್ದಿರುತ್ತವೆ. ಸಂಬಂಧಪಟ್ಟ ನಾಲ್ಕೈದು ಸಾಲು ಮಾತ್ರ ಹಾಕಿ.

ಕಾಫಿ_ಕಣ

ಸುಡೋದಿಂದ ಆಯ್ತು, ಧನ್ಯವಾದ ಮೇಡಂ. ಸಿಕ್ಕಿಕೊಂಡ ಹೊತ್ತಿನ ಸಾಲುಗಳು, ಒಂದೇ ಥ್ರೆಡ್‌ನವು:

11:42:07.318 ಸಾಕೆಟ್, ಯುಡಿಪಿ → 17
11:42:07.318 ಕನೆಕ್ಟ್ 17, ವಿಳಾಸ 192.168.1.1, ಪೋರ್ಟ್ 53 → 0
11:42:07.318 ಸೆಂಡ್‌ಎಂಎಂಎಸ್‌ಜಿ 17, ಎರಡು ಸಂದೇಶ → 2
11:42:07.318 ಪೋಲ್ 17, ಕಾಯುವ ಮಿತಿ 5000 → 0 (ಟೈಮ್‌ಔಟ್) <5.005>
11:42:12.324 ಸೆಂಡ್‌ಎಂಎಂಎಸ್‌ಜಿ 17, ಎರಡು ಸಂದೇಶ → 2
11:42:12.324 ಪೋಲ್ 17, ಕಾಯುವ ಮಿತಿ 5000 → 0 (ಟೈಮ್‌ಔಟ್) <5.005>

ಸಂದೇಶದ ಒಳಗೆ ಪ್ರಿಂಟರಿನ ಹೆಸರು ಕಾಣುತ್ತಿದೆ. ಮುಖ್ಯ ಥ್ರೆಡ್ ಅಷ್ಟು ಹೊತ್ತೂ ಫ್ಯುಟೆಕ್ಸ್‌ನಲ್ಲಿ.

ಹೇಮಾವತಿ_ದಡ

ಪೂರ್ತಿ ಕಥೆ ಈ ಆರು ಸಾಲಿನಲ್ಲೇ ಇದೆ. ಪೋರ್ಟ್ 53 ಅಂದರೆ ಡಿಎನ್‌ಎಸ್, ಹೆಸರಿನಿಂದ ವಿಳಾಸ ಹುಡುಕುವ ಸೇವೆ. ಎರಡು ಸಂದೇಶ ಯಾಕೆ ಅಂದರೆ ಐಪಿವಿ4 ವಿಳಾಸಕ್ಕೊಂದು, ಐಪಿವಿ6 ವಿಳಾಸಕ್ಕೊಂದು ಪ್ರಶ್ನೆಯನ್ನು ಜಿಲಿಬ್‌ಸಿ (ಪ್ರೋಗ್ರಾಂಗಳು ಹಂಚಿಕೊಳ್ಳುವ ಸಿ ಲೈಬ್ರರಿ, ಲಿಬ್‌ಸಿ) ಒಟ್ಟಿಗೇ ಕಳಿಸುತ್ತದೆ. ಉತ್ತರ ಬಾರದಿದ್ದರೆ 5 ಸೆಕೆಂಡ್ ಕಾಯುವುದು, ಒಟ್ಟು 2 ಪ್ರಯತ್ನ, ಇದು ಅದರ ಡೀಫಾಲ್ಟ್. ಎರಡೈದಲ ಹತ್ತು. ನಿಮ್ಮಲ್ಲಿ ರಿಸಾಲ್ವ್ ಡಾಟ್ ಕಾನ್ಫ್‌ನಲ್ಲಿ (ಡಿಎನ್‌ಎಸ್ ಯಾರನ್ನು ಕೇಳಬೇಕು ಅಂತ ಹೇಳುವ ಕಡತ) ಯಾರೋ ಕೈಯಾರೆ ರೂಟರ್ ವಿಳಾಸ ಒಂದನ್ನೇ ಬರೆದಿದ್ದಾರೆ, ಅದಕ್ಕೇ ಲೆಕ್ಕ ಇಷ್ಟು ನಿಖರ. ಇನ್ನೊಂದು ನೇಮ್‌ಸರ್ವರ್ ಇದ್ದು ಅದೂ ಸುಮ್ಮನಿದ್ದರೆ ಇನ್ನೂ ಉದ್ದವಾಗುತ್ತಿತ್ತು.

ಕೆಲವು ಹೊತ್ತು ಮಾತ್ರ ಯಾಕೆ? ಕರೆಂಟ್ ಹೋದ ಸಮಯಕ್ಕೆ ತಾಳೆ ಹಾಕಿ ನೋಡಿ. ಕಂಪ್ಯೂಟರ್, ರೂಟರ್ ಯುಪಿಎಸ್ ಮೇಲಿದ್ದು, ಹೊರಗಿನ ಇಂಟರ್‌ನೆಟ್ ಲೈನ್ ಮಾತ್ರ ಸತ್ತಾಗ ಹೀಗೇ ಆಗುವುದು: ರೂಟರ್ ಪ್ರಶ್ನೆ ತೆಗೆದುಕೊಳ್ಳುತ್ತದೆ, ಮುಂದೆ ಕಳಿಸುತ್ತದೆ, ಉತ್ತರ ಬರುವುದಿಲ್ಲ. ರೂಟರೇ ಆಫ್ ಆಗಿದ್ದರೆ ಲಕ್ಷಣ ಬೇರೆ, ಕೆಲವೇ ಸೆಕೆಂಡಿಗೆ "ನೋ ರೂಟ್ ಟು ಹೋಸ್ಟ್" ಅಂತ ದೋಷ ಬರುತ್ತಿತ್ತು.

ಕಾಫಿ_ಕಣ

ಹೌದು, ಕರೆಂಟ್ ಹೋದ ಹೊತ್ತಿಗೆ ಸರಿಹೊಂದುತ್ತದೆ. ಆದರೆ ಪ್ರಿಂಟರ್ ಹೆಸರನ್ನು ಪ್ರತಿ ಚೀಟಿಗೂ ಯಾಕೆ ಕೇಳುತ್ತದೆ? ಯಾವ ಫಂಕ್ಷನ್ ಅಂತ ಹೆಸರು ಹಿಡಿದು ಹೇಳಿದರೆ ಮಾತ್ರ ಸಾಫ್ಟ್‌ವೇರ್ ಕೊಟ್ಟವರು ಕಿವಿಗೊಡುತ್ತಾರೆ.

ಸಕಲೇಶಪುರ_ಘಾಟ್

ಜಿಡಿಬಿ ಡಿಬಗರ್ ಅಂಟಿಸಿ "ಥ್ರೆಡ್ ಅಪ್ಲೈ ಆಲ್ ಬಿಟಿ" (ಎಲ್ಲಾ ಥ್ರೆಡ್‌ನ ಸ್ಟ್ಯಾಕ್) ಕೊಟ್ಟರೆ ಒಂದೇ ಏಟಿಗೆ ಗೊತ್ತಾಗುತ್ತಲ್ಲ?

ಯಗಚಿ

ಗೊತ್ತಾಗುತ್ತದೆ, ಆದರೆ ಓಡುತ್ತಿರುವ ಯಂತ್ರದಲ್ಲಿ ಹಾಗೆ ನೇರ ನುಗ್ಗಬೇಡಿ ಅಣ್ಣಾ. ಜಿಡಿಬಿ ಅಂಟಿದ ಕ್ಷಣದಿಂದ ಬಿಡುವ ತನಕ ಪ್ರೋಗ್ರಾಂ ಪೂರ್ತಿ ನಿಂತಿರುತ್ತದೆ. ಆ ಹೊತ್ತಿನಲ್ಲಿ ಅದು ಸಿಂಬಲ್ ಓದುತ್ತಾ ಕೂರುತ್ತದೆ. ಡಿಬಗ್‌ಇನ್ಫೋಡಿ ಚಾಲೂ ಇದ್ದರೆ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಲೂ ಹೋಗುತ್ತದೆ. ಅತ್ತ ಇಂಡಿಕೇಟರ್ ಅಕ್ಷರ ಕಳಿಸುತ್ತಲೇ ಇರುತ್ತದೆ. 9600 ಬಾಡ್‌ಗೆ ಸೆಕೆಂಡಿಗೆ 960 ಅಕ್ಷರ, ಟಿಟಿವೈ (ಸೀರಿಯಲ್ ಪೋರ್ಟ್) ಓದುವ ಬಫರ್ 4096 ಬೈಟ್. ಬಿಡುವಿಲ್ಲದೆ ಕಳಿಸುವ ಇಂಡಿಕೇಟರ್ ಆದರೆ ನಾಲ್ಕು ಸೆಕೆಂಡ್ ಚಿಲ್ಲರೆಗೆ ಅದು ತುಂಬುತ್ತದೆ. ಎದ್ದ ಮೇಲೆ ಪ್ರೋಗ್ರಾಂ ಹಳೆಯ ತೂಕ ಓದಬಹುದು. ಹಿಂದಿನ ಲಾರಿಯ ತೂಕ ಈ ಲಾರಿಯ ಚೀಟಿಗೆ ಬಂದರೆ ಬೆಳೆಗಾರರಿಗೆ ಆಗುವ ನಷ್ಟ ದೊಡ್ಡದು.

ಇಯು-ಸ್ಟ್ಯಾಕ್ ಬಳಸಿ. ಎಲ್ಫ್‌ಯುಟಿಲ್ಸ್ ಪ್ಯಾಕೇಜಿನಲ್ಲಿದೆ. -ಪಿ ಜೊತೆ ಪ್ರೊಸೆಸ್ ಸಂಖ್ಯೆ ಕೊಟ್ಟರೆ ಎಲ್ಲಾ ಥ್ರೆಡ್‌ನ ಸ್ಟ್ಯಾಕ್ ಬರೆದು ತಕ್ಷಣ ಬಿಟ್ಟುಬಿಡುತ್ತದೆ. ಫ್ರೇಮ್ ಪಾಯಿಂಟರ್ (ಕರೆದವರ ಜಾಗ ತೋರುವ ಗುರುತು) ಇಲ್ಲದ ಬೈನರಿಯಲ್ಲೂ ನಡೆಯುತ್ತದೆ, ಯಾಕೆಂದರೆ ಅದು ಇಎಚ್-ಫ್ರೇಮ್ ವಿಭಾಗ ಓದುತ್ತದೆ. ಸಿ++ ಎಕ್ಸೆಪ್ಶನ್‌ಗೆ ಬೇಕಾದ್ದರಿಂದ ಆ ವಿಭಾಗ ಸ್ಟ್ರಿಪ್ ಮಾಡಿದರೂ ಉಳಿದಿರುತ್ತದೆ. ಎಸ್‌ಟ್ರೇಸ್‌ಗೇ ಸಣ್ಣ -ಕೆ ಕೊಟ್ಟರೂ ಪ್ರತಿ ಕಾಲ್ ಕೆಳಗೆ ಸ್ಟ್ಯಾಕ್ ಬರುತ್ತದೆ. ಅದು ನಿಧಾನ, ಹಾಗಾಗಿ ಸೆಂಡ್‌ಎಂಎಂಎಸ್‌ಜಿ ಒಂದನ್ನೇ ಫಿಲ್ಟರ್ ಮಾಡಿ.

ಜಿಡಿಬಿಯೇ ಬೇಕೆಂದರೆ ಬೈನರಿಯನ್ನು ಮೊದಲು ಲೋಡ್ ಮಾಡಿಕೊಳ್ಳಿ, ಡಿಬಗ್‌ಇನ್ಫೋಡಿ ಆಫ್ ಮಾಡಿ, ಆಮೇಲೆ ಅಟ್ಯಾಚ್, ಬಿಟಿ, ಡಿಟ್ಯಾಚ್ ಮೂರನ್ನೂ ಬ್ಯಾಚ್‌ನಲ್ಲಿ ಒಟ್ಟಿಗೆ ಕೊಡಿ. ಪ್ರಾಂಪ್ಟ್‌ನಲ್ಲಿ ಕೂತು ಯೋಚನೆ ಮಾಡುವಂತಿಲ್ಲ.

ಕಾಫಿ_ಕಣ

ಸಿಕ್ತು. ಇಯು-ಸ್ಟ್ಯಾಕ್ ಔಟ್‌ಪುಟ್, ಕೆಳಗಿನ ಸಾಲು ಮೇಲಿನದನ್ನು ಕರೆದಿದೆ:

0 ಪೋಲ್
(ನಡುವೆ ಲಿಬ್‌ಸಿ ಒಳಗಿನ ರಿಸಾಲ್ವರ್ ಸಾಲುಗಳು)
7 ಗೆಟ್‌ಅಡ್ರ್‌ಇನ್ಫೋ
8 ಪ್ರಿಂಟರ್‌ಲಿಂಕ್::ಓಪನ್
9 ಸ್ಲಿಪ್‌ಜಾಬ್::ರನ್

ಅಂದರೆ ಪ್ರತಿ ಚೀಟಿಗೂ ಹೊಸದಾಗಿ ಕನೆಕ್ಷನ್ ತೆರೆಯುತ್ತಿದೆ, ಅದಕ್ಕೆ ಗೆಟ್‌ಅಡ್ರ್‌ಇನ್ಫೋ ಮೂಲಕ ಹೆಸರಿನ ವಿಳಾಸ ಕೇಳುತ್ತಿದೆ. ಈಗ ಪ್ರೋಗ್ರಾಂ ನಿಲ್ಲಿಸದೆ ತಾತ್ಕಾಲಿಕ ಪರಿಹಾರ?

ಹೇಮಾವತಿ_ದಡ

ಇಟಿಸಿ ಫೋಲ್ಡರಿನ ಹೋಸ್ಟ್ಸ್ ಕಡತದಲ್ಲಿ ಪ್ರಿಂಟರ್ ವಿಳಾಸ, ಅದರ ಮುಂದೆ ಹೆಸರು. ಎನ್‌ಎಸ್‌ಸ್ವಿಚ್ ಕಡತದ (ಹೆಸರು ಹುಡುಕುವ ಕ್ರಮ ಹೇಳುವುದು) ಹೋಸ್ಟ್ಸ್ ಸಾಲಿನಲ್ಲಿ "ಫೈಲ್ಸ್" ಅನ್ನುವುದು "ಡಿಎನ್‌ಎಸ್"ಗಿಂತ ಮುಂಚೆ ಇದೆಯಾ ನೋಡಿಕೊಳ್ಳಿ. ಗೆಟ್‌ಅಡ್ರ್‌ಇನ್ಫೋ ಹೋಸ್ಟ್ಸ್ ಕಡತವನ್ನು ಪ್ರತಿ ಸಲ ಓದುವುದರಿಂದ ಓಡುತ್ತಿರುವ ಪ್ರೋಗ್ರಾಂಗೂ ತಕ್ಷಣ ಅನ್ವಯ. ಪರೀಕ್ಷೆಗೆ ಗೆಟ್‌ಎಂಟ್ ಎಹೋಸ್ಟ್ಸ್ ಕೊಟ್ಟು ಹೆಸರು ಕೇಳಿ. ಇಂಟರ್‌ನೆಟ್ ಕೇಬಲ್ ಕಳಚಿ ಕೇಳಿದರೂ ಕೂಡಲೇ ಉತ್ತರ ಬರಬೇಕು. ಪ್ರಿಂಟರಿಗೆ ರೂಟರ್‌ನಲ್ಲಿ ವಿಳಾಸ ಕಾಯ್ದಿರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನಾಳೆ ವಿಳಾಸ ಬದಲಾಗಿ ಚೀಟಿಯೇ ಬಾರದು.

ರಿಸಾಲ್ವ್ ಡಾಟ್ ಕಾನ್ಫ್‌ನಲ್ಲಿ ಟೈಮ್‌ಔಟ್ 1 ಮಾಡುವ ದಾರಿಯೂ ಇದೆ. ಜಿಲಿಬ್‌ಸಿ 2.26ರಿಂದ ಆ ಕಡತ ಬದಲಾದರೆ ತಾನೇ ಮತ್ತೆ ಓದಿಕೊಳ್ಳುತ್ತದೆ, ನಿಮ್ಮದು 2.35. ಆದರೆ ಅದು ಕಂಪ್ಯೂಟರಿನ ಎಲ್ಲ ಪ್ರೋಗ್ರಾಂಗೂ ತಟ್ಟುತ್ತದೆ. ನಿಧಾನದ ನೆಟ್‌ವರ್ಕ್ ಇರುವ ಮಲೆನಾಡಿನಲ್ಲಿ ಒಂದು ಸೆಕೆಂಡ್ ಸಾಲದೆಯೂ ಹೋಗಬಹುದು. ನಾನು ಹೋಸ್ಟ್ಸ್ ಕಡೆಯೇ.

ಮುಳ್ಳಯ್ಯನಗಿರಿ

ಇದನ್ನೆಲ್ಲ ಪ್ರೋಗ್ರಾಂ ನಿಲ್ಲಿಸುವ ಪಿಟ್ರೇಸ್ (ಎಸ್‌ಟ್ರೇಸ್, ಜಿಡಿಬಿ ಬಳಸುವ ಕರ್ನಲ್ ಸೌಲಭ್ಯ) ಇಲ್ಲದೆಯೇ ನೋಡಬಹುದು, ಅದನ್ನೂ ದಾಖಲಿಸುತ್ತೇನೆ. ಕರ್ನಲ್ 3.5ರಲ್ಲಿ (2012) ಬಂದ ಯುಪ್ರೋಬ್ ಫಂಕ್ಷನ್‌ನ ಮೊದಲ ಸೂಚನೆಯ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಬೈಟ್ ಇಡುತ್ತದೆ, ಎಕ್ಸ್86ನಲ್ಲಿ ಅದು ಐಎನ್‌ಟಿ3. ಆ ಫಂಕ್ಷನ್ ಕರೆದಾಗ ಮಾತ್ರ ಕರ್ನಲ್‌ಗೆ ಜಿಗಿದು ವಾಪಸ್. ಖರ್ಚು ಮೈಕ್ರೋಸೆಕೆಂಡ್ ಮಟ್ಟದ್ದು. ಬಿಪಿಎಫ್‌ಟ್ರೇಸ್‌ನಲ್ಲಿ (ಯುಪ್ರೋಬ್‌ಗೆ ಸಣ್ಣ ಸ್ಕ್ರಿಪ್ಟ್ ಕಟ್ಟುವ ಉಪಕರಣ) ಎರಡು ಪ್ರೋಬ್ ಬರೆಯಬೇಕು. ಯುಪ್ರೋಬ್: ಲಿಬ್‌ಸಿ ಕಡತದ ಪೂರ್ತಿ ಹಾದಿ, ಗೆಟ್‌ಅಡ್ರ್‌ಇನ್ಫೋ, ಒಳಗೆ ಎನ್‌ಸೆಕ್ಸ್ (ನ್ಯಾನೋಸೆಕೆಂಡ್ ಸಮಯ) ಬೆಲೆಯನ್ನೂ ಆರ್ಗ್0 (ಕೇಳಿದ ಹೆಸರು) ಅನ್ನೂ ಟಿಐಡಿ ಕೀಲಿಯಲ್ಲಿ ಮ್ಯಾಪ್‌ಗೆ ಇಡಿ. ಯುರೆಟ್‌ಪ್ರೋಬ್ (ಫಂಕ್ಷನ್ ಮುಗಿಯುವಾಗ): ಅದೇ ಫಂಕ್ಷನ್, ಈಗಿನ ಎನ್‌ಸೆಕ್ಸ್‌ನಿಂದ ಇಟ್ಟದ್ದನ್ನು ಕಳೆದು ಮಿಲಿಸೆಕೆಂಡ್ ಮುದ್ರಿಸಿ, ಕೀಲಿ ಅಳಿಸಿ. ಪಿಐಡಿ ಫಿಲ್ಟರ್ ಹಾಕಲೇಬೇಕು. ಲಿಬ್‌ಸಿ ಎಲ್ಲರದ್ದು, ಫಿಲ್ಟರ್ ಇಲ್ಲದಿದ್ದರೆ ಇಡೀ ಕಂಪ್ಯೂಟರಿನ ಗಲಾಟೆ ಬರುತ್ತದೆ. ಬರೆಯಲು ಬೇಜಾರಾದರೆ ಬಿಪಿಎಫ್‌ಸಿಸಿ-ಟೂಲ್ಸ್ ಪ್ಯಾಕೇಜಿನ ಗೆಟ್‌ಹೋಸ್ಟ್‌ಲೇಟೆನ್ಸಿ ಇದೇ ಕೆಲಸ ಸಿದ್ಧವಾಗಿ ಮಾಡುತ್ತದೆ.

ಎಡವುವ ಜಾಗಗಳು:

ಸಿ++ ಹೆಸರುಗಳು ಬೈನರಿಯಲ್ಲಿ ಮ್ಯಾಂಗಲ್ ಆಗಿರುತ್ತವೆ (ಕಂಪೈಲರ್ ತಿರುಚಿದ ರೂಪ), ಎನ್‌ಎಂ ಕೊಟ್ಟ ರೂಪವನ್ನೇ ಹಾಕಿ. ಕಂಪೈಲರ್ ಇನ್‌ಲೈನ್ ಮಾಡಿದ (ಕರೆದ ಜಾಗದೊಳಗೇ ಸೇರಿಸಿದ) ಫಂಕ್ಷನ್ ಪಟ್ಟಿಯಲ್ಲೇ ಇರುವುದಿಲ್ಲ. ಪಟ್ಟಿಯಲ್ಲಿದ್ದೂ ಕೆಲವು ಕಡೆ ಮಾತ್ರ ಇನ್‌ಲೈನ್ ಆಗಿದ್ದರೆ ಇನ್ನೂ ಅಪಾಯ, ಅರ್ಧ ಕರೆಗಳಷ್ಟೇ ಕಂಡು ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಯುಪ್ರೋಬ್ ಒಳಗೆ ಯುಸ್ಟ್ಯಾಕ್ (ಪ್ರೋಗ್ರಾಂನ ಸ್ಟ್ಯಾಕ್) ಕೇಳಿದರೆ ಅದು ಫ್ರೇಮ್ ಪಾಯಿಂಟರ್ ಹಿಡಿದು ನಡೆಯುತ್ತದೆ. 22.04ರ ಪ್ಯಾಕೇಜ್‌ಗಳಲ್ಲಿ ಅದಿಲ್ಲ, ಉಬುಂಟು 24.04ರಿಂದ ಡೀಫಾಲ್ಟ್ ಆಗಿ ಬಂತು. ಇದ್ದರೂ, ಫಂಕ್ಷನ್‌ನ ಮೊದಲ ಸೂಚನೆಯಲ್ಲಿ ಹೊಸ ಫ್ರೇಮ್ ಇನ್ನೂ ಕಟ್ಟಿರುವುದಿಲ್ಲ, ಹಾಗಾಗಿ ನೇರವಾಗಿ ಕರೆದ ಫಂಕ್ಷನ್ ಒಂದು ಸಾಲು ಬಿಟ್ಟುಹೋಗುವುದುಂಟು. ಇಲ್ಲಿ ಹಾಗಾದರೆ ಪ್ರಿಂಟರ್‌ಲಿಂಕ್ ಕಾಣದೆ ಸ್ಲಿಪ್‌ಜಾಬ್ ಮೇಲೆ ಅಪವಾದ ಬರುತ್ತಿತ್ತು. ಸ್ಟ್ಯಾಕ್‌ಗೆ ಯಗಚಿ ಮೇಡಂ ಹೇಳಿದ ದಾರಿಯೇ ನಂಬಿಕೆಗೆ ಅರ್ಹ.

ಗೋ ಭಾಷೆಯ ಪ್ರೋಗ್ರಾಂಗೆ ಯುರೆಟ್‌ಪ್ರೋಬ್ ಹಾಕಲೇಬೇಡಿ. ಅದು ಸ್ಟ್ಯಾಕ್‌ನಲ್ಲಿರುವ ರಿಟರ್ನ್ ವಿಳಾಸವನ್ನು ಬದಲಿಸುತ್ತದೆ; ಗೋ ತನ್ನ ಸ್ಟ್ಯಾಕ್ ಅನ್ನು ಬೆಳೆಸುವಾಗ ಬೇರೆ ಜಾಗಕ್ಕೆ ನಕಲು ಮಾಡುತ್ತದೆ, ಆ ವಿಳಾಸ ಅದಕ್ಕೆ ಅಪರಿಚಿತ, ಪ್ರೋಗ್ರಾಂ ಅಲ್ಲೇ ಬೀಳುತ್ತದೆ.

ಸಕಲೇಶಪುರ_ಘಾಟ್

ಪರ್ಫ್ ರೆಕಾರ್ಡ್ ಯಾರೂ ಹೇಳಲಿಲ್ಲ?

ಮುಳ್ಳಯ್ಯನಗಿರಿ

ಪರ್ಫ್ ಡೀಫಾಲ್ಟ್ ಆಗಿ ಸಿಪಿಯು ಮೇಲೆ ಓಡುತ್ತಿರುವುದನ್ನು ಮಾತ್ರ ಸ್ಯಾಂಪಲ್ ಮಾಡುತ್ತದೆ. ನಿದ್ದೆಯಲ್ಲಿರುವ ಥ್ರೆಡ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸಿಪಿಯು ನೂರಕ್ಕೆ ಏರಿದ್ದರೆ ಅದೇ ಮೊದಲ ಆಯ್ಕೆ: ಸೆಕೆಂಡಿಗೆ 99 ಸ್ಯಾಂಪಲ್, ಕಾಲ್-ಗ್ರಾಫ್ ಡ್ವಾರ್ಫ್. ಕಾಯುವಿಕೆಗೆ ಆಫ್‌ಸಿಪಿಯುಟೈಮ್ ಅನ್ನುವ ಬಿಪಿಎಫ್ ಉಪಕರಣ.

ಎಲ್‌ಟ್ರೇಸ್ (ಲೈಬ್ರರಿ ಕರೆಗಳನ್ನು ತೋರಿಸುವುದು) ಹಿಡಿದು ಹೊತ್ತು ಕಳೆಯಬೇಡಿ. ಅದು ಪಿಎಲ್‌ಟಿ ಅನ್ನುವ ಜಿಗಿ-ಪಟ್ಟಿಯಲ್ಲಿ ಬ್ರೇಕ್‌ಪಾಯಿಂಟ್ ಇಡುತ್ತದೆ. ಈಗಿನ ಡಿಸ್ಟ್ರೋಗಳು ಕಟ್ಟುವ ಬೈನರಿಗಳಲ್ಲಿ ಅದರ ರೂಪವೇ ಬದಲಾಗಿದ್ದು, ಹಳೆಯ ಎಲ್‌ಟ್ರೇಸ್ ಒಂದು ಸಾಲೂ ತೋರಿಸದೆ ಸುಮ್ಮನಿರುತ್ತದೆ. ಕಾಲ್ ಆಗಿಯೇ ಇಲ್ಲ ಅಂದುಕೊಂಡು ಜನ ದಾರಿ ತಪ್ಪುತ್ತಾರೆ.

ಸಕಲೇಶಪುರ_ಘಾಟ್

ಸರಿ ಸರ್. ನನ್ನದೂ ಒಂದು ಪ್ರಶ್ನೆ ಇಲ್ಲೇ ಕೇಳುತ್ತೇನೆ. ತೇವಾಂಶ ಮೀಟರ್ ಓದುವ ಪೈಥಾನ್ 3.10 ಸ್ಕ್ರಿಪ್ಟ್. ನಿಂತುಹೋಗುತ್ತದೆ, ಎಸ್‌ಟ್ರೇಸ್‌ನಲ್ಲಿ ಸೆಲೆಕ್ಟ್ ಅಂತ ಒಂದೇ ಸಾಲು, ಮುಂದೆ ಏನೂ ಇಲ್ಲ.

ಯಗಚಿ

ಪೈಥಾನ್‌ಗೆ ಪೈ-ಸ್ಪೈ. "ಡಂಪ್" ಜೊತೆ ಪಿಐಡಿ ಕೊಟ್ಟರೆ ಪೈಥಾನ್ ಫಂಕ್ಷನ್ ಹೆಸರು, ಸಾಲಿನ ಸಂಖ್ಯೆ ಸಮೇತ ಬರುತ್ತದೆ. "ಲೋಕಲ್ಸ್" ಸೇರಿಸಿದರೆ ವೇರಿಯಬಲ್ ಬೆಲೆಗಳೂ. ಸ್ಕ್ರಿಪ್ಟ್ ತಿದ್ದುವುದು ಬೇಡ. ಆಯ್ಕೆಯಲ್ಲಿ "ನಾನ್‌ಬ್ಲಾಕಿಂಗ್" ಕೊಟ್ಟರೆ ಕ್ಷಣಕ್ಕೂ ನಿಲ್ಲಿಸದೆ ಓದುತ್ತದೆ, ಅಪರೂಪಕ್ಕೆ ಸ್ಟ್ಯಾಕ್ ಅರ್ಧಂಬರ್ಧ ಬರಬಹುದು. ಮುಂದಿನ ಸಲ ಸ್ಕ್ರಿಪ್ಟ್ ಮೇಲ್ಗಡೆ ಫಾಲ್ಟ್‌ಹ್ಯಾಂಡ್ಲರ್‌ನಲ್ಲಿ ಯುಎಸ್‌ಆರ್1 ಸಿಗ್ನಲ್ ರಿಜಿಸ್ಟರ್ ಮಾಡಿಡಿ; ಆಗ ಬರೀ ಕಿಲ್ ಆಜ್ಞೆಯಿಂದಲೇ ಸ್ಟ್ಯಾಕ್ ಲಾಗ್‌ಗೆ ಬೀಳುತ್ತದೆ, ಯಾವ ಉಪಕರಣವೂ ಬೇಡ.

ನಿಮ್ಮ ಲಕ್ಷಣ ನೋಡಿದರೆ ಪೈಸೀರಿಯಲ್ ರೀಡ್‌ನಲ್ಲಿ ಕೂತಿದೆ. ಟೈಮ್‌ಔಟ್ ಕೊಡದಿದ್ದರೆ ಅದು "ನನ್" (ಮಿತಿ ಇಲ್ಲ), ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಪ್ರಾಕ್ ಒಳಗಿನ ಎಫ್‌ಡಿ ಫೋಲ್ಡರ್ (ತೆರೆದ ಕಡತಗಳ ಪಟ್ಟಿ) ನೋಡಿ. ಟಿಟಿವೈಯುಎಸ್‌ಬಿ0 ಮುಂದೆ "ಡಿಲೀಟೆಡ್" ಅಂತಿದ್ದರೆ ಕೇಬಲ್ ಒಮ್ಮೆ ಕಳಚಿ ಟಿಟಿವೈಯುಎಸ್‌ಬಿ1 ಆಗಿ ವಾಪಸ್ ಬಂದಿದೆ, ಸ್ಕ್ರಿಪ್ಟ್ ಹಳೆಯದನ್ನೇ ಹಿಡಿದುಕೊಂಡಿದೆ. ಡೆವ್ ಒಳಗೆ ಸೀರಿಯಲ್, ಅದರೊಳಗೆ ಬೈ-ಐಡಿ ಫೋಲ್ಡರಿನ ಹೆಸರು ಬಳಸಿ. ಸಿಎಚ್340 ಚಿಪ್‌ನ ಅಗ್ಗದ ಕೇಬಲ್ ಎರಡು ಇದ್ದರೆ ಅವಕ್ಕೆ ಸೀರಿಯಲ್ ನಂಬರ್ ಇರುವುದಿಲ್ಲ, ಎರಡೂ ಒಂದೇ ಹೆಸರಾಗುತ್ತವೆ, ಆಗ ಬೈ-ಪಾತ್. ಉಬುಂಟು 22.04ರಲ್ಲಿ ಇದೇ ಚಿಪ್ ಅನ್ನು ಬ್ರೈಲ್ ಸಾಧನ ಅಂದುಕೊಂಡು ಬಿಆರ್‌ಎಲ್‌ಟಿಟಿವೈ ಸೇವೆ ಕಿತ್ತುಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಬ್ರೈಲ್ ಪರದೆ ಬಳಸುವವರು ಇಲ್ಲದಿದ್ದರೆ ಪ್ಯಾಕೇಜ್ ತೆಗೆದುಹಾಕಿ.

ಸಕಲೇಶಪುರ_ಘಾಟ್

"ಡಿಲೀಟೆಡ್" ಅಂತಲೇ ಇದೆ. ತುಂಬ ಉಪಕಾರ ಆಯ್ತು ಮೇಡಂ.

ಮುಳ್ಳಯ್ಯನಗಿರಿ

ಸೋರ್ಸ್ ಕೈಯಲ್ಲಿರುವವರಿಗೆ ಯುಎಫ್‌ಟ್ರೇಸ್ ಬಗ್ಗೆ. -ಪಿಜಿ ಹಾಕಿ ಕಂಪೈಲ್ ಮಾಡಿ ಅದರಡಿ ಓಡಿಸಿದರೆ ಎಲ್ಲಾ ಫಂಕ್ಷನ್‌ನ ಪ್ರವೇಶ, ನಿರ್ಗಮನ, ಪ್ರತಿಯೊಂದಕ್ಕೆ ಹಿಡಿದ ಸಮಯ ಮರದ ಆಕಾರದಲ್ಲಿ ಬರುತ್ತದೆ. ಒಂದೇ ಷರತ್ತು, ದಾಖಲೆ ಬೇಕಾದ ಕಡೆ ಪ್ರೋಗ್ರಾಂ ಅನ್ನು ಅದರ ಮೂಲಕವೇ ಶುರು ಮಾಡಬೇಕು. ಸಣ್ಣ ಸಣ್ಣ ಫಂಕ್ಷನ್ ಲಕ್ಷಾಂತರ ಸಲ ಓಡಿದರೆ ಕಡತ ಗಿಗಾಬೈಟ್‌ಗೆ ಹೋಗುತ್ತದೆ. ಸಣ್ಣ -ಟಿ ಜೊತೆ ಒಂದು ಮಿಲಿಸೆಕೆಂಡ್ ಕೊಟ್ಟರೆ ಅದಕ್ಕಿಂತ ಬೇಗ ಮುಗಿದವನ್ನು ಬಿಟ್ಟುಬಿಡುತ್ತದೆ. ದೊಡ್ಡ -ಡಿ ಕೊಟ್ಟು ಆಳಕ್ಕೆ ಮಿತಿ ಹಾಕಬಹುದು. ಪ್ರಿಂಟರ್‌ಲಿಂಕ್ ತಿದ್ದುವವರು ಪರೀಕ್ಷಾ ಕಂಪ್ಯೂಟರಿನಲ್ಲಿ ಇದನ್ನೊಮ್ಮೆ ಓಡಿಸಿದರೆ, ಚೀಟಿ ದಾರಿಯಲ್ಲಿ ಇನ್ನೆಲ್ಲೆಲ್ಲಿ ಕಾಯುತ್ತಿದೆ ಅಂತ ಅವರಿಗೇ ಕಾಣುತ್ತದೆ.

ಕಾಫಿ_ಕಣ

ಹೋಸ್ಟ್ಸ್ ಕಡತದಲ್ಲಿ ಸಾಲು ಹಾಕಿದೆ. ಇಂಟರ್‌ನೆಟ್ ಲೈನ್ ಕಳಚಿ ನೋಡಿದರೂ ಚೀಟಿ ತಕ್ಷಣ ಬಂತು, ಎಸ್‌ಟ್ರೇಸ್‌ನಲ್ಲಿ ಪೋರ್ಟ್ 53 ಕಾಣುತ್ತಿಲ್ಲ. ಸ್ಟ್ಯಾಕ್ ಸಾಲುಗಳನ್ನು ಸಾಫ್ಟ್‌ವೇರ್ ಕೊಟ್ಟವರಿಗೆ ಕಳಿಸಿದ್ದೇನೆ. ಸುಗ್ಗಿ ಮುಗಿಯುವ ತನಕ ಇಂಥದ್ದು ಮತ್ತೆ ಬಂದರೆ ತಾನೇ ದಾಖಲಾಗುವಂತೆ ಇಡೀ ದಿನ ಒಂದು ಟ್ರೇಸ್ ಇಟ್ಟಿರಬಹುದಾ?

ಮುಳ್ಳಯ್ಯನಗಿರಿ

ಎಸ್‌ಟ್ರೇಸ್ ಬೇಡ, ಬಿಪಿಎಫ್‌ಟ್ರೇಸ್ ಇಡಿ. ಪ್ರಿಂಟರ್‌ಲಿಂಕ್::ಓಪನ್‌ಗೇ ಯುಪ್ರೋಬ್, ಯುರೆಟ್‌ಪ್ರೋಬ್ ಎರಡೂ ಹಾಕಿ, ವ್ಯತ್ಯಾಸ 500 ಮಿಲಿಸೆಕೆಂಡ್ ಮೀರಿದಾಗ ಮಾತ್ರ ಸಮಯದೊಂದಿಗೆ ಒಂದು ಸಾಲು ಕಡತಕ್ಕೆ ಹೋಗಲಿ. ಆಗ ದಿನಕ್ಕೆ ನಾಲ್ಕು ಸಾಲೂ ಬರದು. ಸಿಸ್ಟಮ್‌ಡಿ ಸೇವೆಯಾಗಿ, ರೂಟ್ ಆಗಿ ಓಡಿಸಿ. ಬೈನರಿಗೆ ಹೊಸ ಆವೃತ್ತಿ ಹಾಕಿದ ದಿನ ಆ ಸೇವೆಯನ್ನೂ ರೀಸ್ಟಾರ್ಟ್ ಮಾಡಬೇಕು. ಯುಪ್ರೋಬ್ ಅಂಟುವುದು ಕಡತದ ಹೆಸರಿಗಲ್ಲ, ಐನೋಡ್‌ಗೆ (ಡಿಸ್ಕ್‌ನಲ್ಲಿ ಆ ಕಡತದ ಗುರುತು). ಹೊಸ ಕಡತ ಬಂದರೆ ಅದು ಹಳೆಯದನ್ನೇ ಕಾಯುತ್ತಾ ಇರುತ್ತದೆ, ಲಾಗ್ ಖಾಲಿ.